ಗುಮ್ಮನ ಮುಖ

ನಾರು ಸುಲಿದ ತೆಂಗಿನಕಾಯಿಗೆ ಮೂರು ಕಣ್ಣುಗಳುಂಟೆಂಬುದನ್ನು ಅರಿಯದ ಮನೆ ಕನ್ನಡನಾಡಿನಲ್ಲಿ ಇರಲಾರದು. ದೇವರ ಮುಂದೆ ಇಟ್ಟಾಗ ಅದು ಮುಕ್ಕಣ್ಣನ ಗುರುತು. ಆದರೆ 1498ರಲ್ಲಿ ಈ ಪಶ್ಚಿಮ ಸಮುದ್ರದ ದಡಕ್ಕೆ ಹಡಗು ತಂದ ಪೋರ್ಚುಗೀಸರಿಗೂ ಅವರ ಬೆನ್ನಿಗೆ ಬಂದವರಿಗೂ ಆ ಚಿಪ್ಪಿನಲ್ಲಿ ಕಂಡುದು ಬೇರೊಂದು ಮುಖ. ಅವರ ಊರಿನ ತಾಯಂದಿರು ಹಟಮಾಡುವ ಮಕ್ಕಳನ್ನು ಸುಮ್ಮನಾಗಿಸಲು 'ಕೋಕೊ' ಎಂಬೊಂದು ಗುಮ್ಮನನ್ನು ಕರೆಯುತ್ತಿದ್ದರು. ಕಾಯಿಯ ಮೂರು ತೂತುಗಳನ್ನು ನೋಡಿ ನಾವಿಕರು ಅದಕ್ಕೆ ಅದೇ ಹೆಸರಿಟ್ಟರೆಂದು ಜೊವಾಂವ್ ದ ಬಾರೋಸ್ ಎಂಬ ಪೋರ್ಚುಗೀಸ್ ಇತಿಹಾಸಕಾರನು 16ನೆಯ ಶತಮಾನದಲ್ಲಿಯೇ ಬರೆದಿದ್ದಾನೆ. ಯೂರೋಪಿನ ಅನೇಕ ಭಾಷೆಗಳಲ್ಲಿ ತೆಂಗಿಗೆ ಇಂದಿಗೂ ಇರುವುದು ಆ ಗುಮ್ಮನ ಹೆಸರೇ. ಒಂದೇ ಕಾಯಿಯಲ್ಲಿ ಒಬ್ಬರಿಗೆ ದೇವರು, ಒಬ್ಬರಿಗೆ ಗುಮ್ಮ!

ಈ ಕೋಕೊ ಪೋರ್ಚುಗಲ್ಲಿನದು ಎಷ್ಟೋ ಸ್ಪೇನಿನದೂ ಅಷ್ಟೇ. 1611ರಲ್ಲಿ ಸ್ಪಾನಿಷ್ ಭಾಷೆಗೆ ದೊಡ್ಡ ನಿಘಂಟೊಂದನ್ನು ರಚಿಸಿದ ಕೊವರ್ರೂಬಿಯಾಸ್ ಎಂಬ ಪಂಡಿತನು, ಮಕ್ಕಳ ಮಾತಿನಲ್ಲಿ ಹೆದರಿಕೆ ಹುಟ್ಟಿಸುವ ಆಕೃತಿಗೆ ಈ ಹೆಸರೆಂದು ಅರ್ಥ ಹೇಳಿ, ಕತ್ತಲೆಯಲ್ಲಿ ತೋರುವುದೂ ಕಪ್ಪಾಗಿ ತೋರುವುದೂ ಎಲ್ಲಕ್ಕಿಂತ ಹೆಚ್ಚು ಹೆದರಿಸತಕ್ಕದ್ದೆಂದು ಸೇರಿಸಿದ್ದಾನೆ. ನಿದ್ರೆಮಾಡದ ಮಗುವನ್ನು ಕೋಕೊ ಬಂದು ತಿನ್ನುವನೆಂಬುದು ಆ ದೇಶದ ಜೋಗುಳಗಳ ಹಳೆಯ ಬೆದರಿಕೆ. ಆದರೆ ಅವನು ಕುಳ್ಳನೋ ಉದ್ದನೋ, ಅವನಿಗೆ ಕೊಂಬುಗಳುಂಟೋ ಇಲ್ಲವೋ ಎಂದು ಕೇಳಿದರೆ ಯಾವ ತಾಯಿಯೂ ಹೇಳಲಾರಳು. ಕವಿ ಲೋರ್ಕಾ 1928ರಲ್ಲಿ ಮ್ಯಾಡ್ರಿಡ್ ನಗರದಲ್ಲಿ ಸ್ಪೇನಿನ ಜೋಗುಳಗಳನ್ನು ಕುರಿತು ಉಪನ್ಯಾಸ ಮಾಡಿದಾಗ, ಕೋಕೊವಿನ ಶಕ್ತಿಯೆಲ್ಲ ಇರುವುದು ಅವನಿಗೆ ರೂಪವಿಲ್ಲದಿರುವುದರಲ್ಲಿಯೇ ಎಂಬ ಸೂಕ್ಷ್ಮವನ್ನು ಎತ್ತಿ ತೋರಿಸಿದನು. ಕನ್ನಡದ ಗುಮ್ಮನೂ ಇಂಥವನೇ ಅಲ್ಲವೆ? ಪುರಂದರದಾಸರ ಪದದಲ್ಲಿ ಬಾಲಕೃಷ್ಣನು ಗುಮ್ಮನನ್ನು ಕರೆಯಬೇಡವೆಂದು ತಾಯಿಯನ್ನು ಬೇಡಿಕೊಳ್ಳುವಾಗ, ಆ ಗುಮ್ಮನು ಹೇಗಿರುವನೆಂಬ ವಿಚಾರ ತಾಯಿಗೂ ಬೇಡ, ಮಗನಿಗೂ ಬೇಡ.

ಹೀಗೆ ಇಲ್ಲದುದನ್ನು ತೋರಿಸಿ ಮಗುವನ್ನು ಹೆದರಿಸುವುದು ಧರ್ಮವೇ ಎಂಬ ಪ್ರಶ್ನೆಯನ್ನು ಸ್ಪೇನಿನಲ್ಲಿ ಕಟುವಾಗಿ ಎತ್ತಿದವನು ಚಿತ್ರಕಾರನಾದ ಗೋಯ. ಅವನು 1799ರಲ್ಲಿ 80 ಚಿತ್ರಗಳ ಒಂದು ಮಾಲೆಯನ್ನು ಅಚ್ಚುಹಾಕಿಸಿ ಪ್ರಕಟಿಸಿದನು. ಅದರ ಮೂರನೆಯ ಚಿತ್ರದ ಹೆಸರೇ 'ಕೋಕೊ ಬಂದ' ಎಂದು. ಮುಸುಕು ಹೊದ್ದ ಒಂದು ಆಕೃತಿ ನೋಡುವವರಿಗೆ ಬೆನ್ನುಮಾಡಿ ನಿಂತಿದೆ. ಎರಡು ಮಕ್ಕಳು ತಾಯಿಯನ್ನು ತಬ್ಬಿ ಚೀರುತ್ತಿವೆ. ತಾಯಿಯ ಮುಖದಲ್ಲಿ ಮಾತ್ರ ಭಯದ ಸುಳಿವಿಲ್ಲ. ಅವಳ ದೃಷ್ಟಿ ಆ ಮುಸುಕಿನವನಲ್ಲಿ ನೆಟ್ಟಿದೆ. ಈ ಮಾಲೆಗೆ ಆ ಕಾಲದಲ್ಲಿ ಹುಟ್ಟಿದ ಕೈಬರಹದ ವಿವರಣೆಗಳುಂಟು. ಒಂದರಲ್ಲಿ, ಮಗುವು ತಂದೆಗಿಂತ ಹೆಚ್ಚಾಗಿ ಗುಮ್ಮನಿಗೆ ಹೆದರುವಂತೆ ಮಾಡುವುದು ಎಳವೆಯ ಶಿಕ್ಷಣದ ಕೇಡೆಂದು ಆಕ್ಷೇಪಿಸಿದೆ. ಮತ್ತೊಂದು ಇನ್ನೂ ನಿಷ್ಠುರವಾದುದು: ಮಕ್ಕಳನ್ನು ದೂರಮಾಡಿ ಪ್ರಿಯನೊಡನೆ ಏಕಾಂತವನ್ನು ಪಡೆಯಲು ಕೆಲವು ತಾಯಂದಿರು ಹೂಡುವ ಉಪಾಯವಿದು ಎಂದು ಅದರ ಅಭಿಪ್ರಾಯ. ಹಾಗಿದ್ದರೆ ಮುಸುಕಿನೊಳಗಿರುವವನು ಯಾರೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಮಕ್ಕಳ ಹಿತಕ್ಕೆಂದು ಹೇಳುವ ಸುಳ್ಳಿನಲ್ಲಿ ಹಿರಿಯರ ಅನುಕೂಲ ಎಷ್ಟು ಅಡಗಿರುತ್ತದೆಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವುದು ಕಷ್ಟ.

ಸುಳ್ಳೆಂಬ ಒಂದೇ ಕಾರಣದಿಂದ ಇದನ್ನು ನಿಷೇಧಿಸಹೊರಟರೆ ಧರ್ಮಜ್ಞರು ಒಪ್ಪಲಾರರು. ಕಣ್ಣಾರೆ ಕಂಡುದನ್ನು ಕಂಡಂತೆಯೇ ಹೇಳಿ, ಅಡಗಿದ್ದವರನ್ನು ಕಳ್ಳರ ಕೈಗೆ ಕೊಟ್ಟ ಕೌಶಿಕನು ನರಕಕ್ಕೆ ಹೋದ ಕಥೆಯನ್ನು ಕರ್ಣಪರ್ವದಲ್ಲಿ ಕೃಷ್ಣನೇ ಅರ್ಜುನನಿಗೆ ಹೇಳುತ್ತಾನೆ. ಆದುದರಿಂದ ಮಾತು ಯಾರನ್ನು ಕಾಯಿತು, ಯಾರನ್ನು ಕೊಂದಿತು ಎಂದು ನೋಡಬೇಕು. ಇನ್ನೊಂದು ಕಡೆ, ಗುಮ್ಮನು ಮಿಥ್ಯೆಯಾದ ಮಾತ್ರಕ್ಕೆ ಅವನಿಂದಾಗುವ ಫಲವೂ ಮಿಥ್ಯೆಯೆಂದು ನಿಶ್ಚಿಂತರಾಗುವಂತಿಲ್ಲ. ಮೈಯಲ್ಲಿ ವಿಷವಿಲ್ಲದಿದ್ದರೂ ವಿಷವೇರಿತೆಂಬ ಶಂಕೆಯಿಂದಲೇ ಮರಣಾದಿಗಳು ಸಂಭವಿಸುವುದುಂಟೆಂದು ಶಂಕರಭಗವತ್ಪಾದರು ಬ್ರಹ್ಮಸೂತ್ರಭಾಷ್ಯದಲ್ಲಿ ಹೇಳಿರುವರು. ಸುಳ್ಳುಹಾವಿಗೆ ಸತ್ಯವಾದ ಸಾವನ್ನು ತರುವ ಬಲವುಂಟು. ಸ್ಪೇನಿನಲ್ಲಿಯೂ, ಸ್ಪೇನಿನವರು ಆಳಿದ ಅಮೆರಿಕಾ ಖಂಡದ ದೇಶಗಳಲ್ಲಿಯೂ ಗುಮ್ಮನ ಚರಿತ್ರೆಯನ್ನು ನೋಡಿದರೆ ಈ ಎರಡು ಮಾತುಗಳೂ ಮತ್ತೆ ಮತ್ತೆ ನೆನಪಿಗೆ ಬರುತ್ತವೆ.

ಮೆಕ್ಸಿಕೋ ದೇಶದಲ್ಲಿ 'ಯೊರೋನ' ಎಂಬವಳುಂಟು. ಅಳುವವಳು ಎಂದು ಆ ಹೆಸರಿನ ಅರ್ಥ. ತನ್ನ ಮಕ್ಕಳನ್ನು ತಾನೇ ನೀರಿಗೆ ನೂಕಿದ ಪಾಪದಿಂದ, ಬಿಳಿಯ ಸೀರೆಯಂಥ ಉಡುಪಿನಲ್ಲಿ ಹೊಳೆ ಕಾಲುವೆಗಳ ದಡದಲ್ಲಿ ರಾತ್ರಿಯೆಲ್ಲ ಮಕ್ಕಳಿಗಾಗಿ ಗೋಳಿಡುತ್ತಾ ತಿರುಗುವಳೆಂದೂ, ಕೈಗೆ ಸಿಕ್ಕಿದ ಮಕ್ಕಳನ್ನು ಒಯ್ಯುವಳೆಂದೂ ಜನ ಹೇಳುವರು. ಇವಳ ಮೂಲ ಸ್ಪೇನಿನವರು ಬರುವುದಕ್ಕಿಂತ ಹಿಂದಿನದಿರಬಹುದೆಂದು ವಿದ್ವಾಂಸರ ಊಹೆ. ಸಹಗೂನ್ ಎಂಬ ಪಾದ್ರಿಯು 16ನೆಯ ಶತಮಾನದಲ್ಲಿ ಆ ನಾಡಿನ ಮೂಲನಿವಾಸಿಗಳಿಂದ ಕೇಳಿ ಬರೆಸಿದ ಗ್ರಂಥದಲ್ಲಿ, ರಾಜ್ಯನಾಶಕ್ಕೆ ಮುಂಚೆ ಕಂಡ ಅಪಶಕುನಗಳ ಪೈಕಿ, ರಾತ್ರಿಯ ಹೊತ್ತು ತನ್ನ ಮಕ್ಕಳನ್ನು ಕರೆದು ರೋದಿಸುತ್ತಿದ್ದ ಹೆಂಗಸಿನ ಧ್ವನಿಯೂ ಒಂದಾಗಿದೆ. ಅದು ಹೇಗೇ ಇರಲಿ. ಕತ್ತಲಾದ ಮೇಲೆ ಮಗು ಕಾಲುವೆಯ ಕಡೆಗೆ ಹೋಗದಂತೆ ಈ ಕಥೆ ತಡೆಯುತ್ತದೆ. ಆ ಮಗು ಬೆಳೆದು ಅಳುವವಳು ಇಲ್ಲವೆಂದು ತಿಳಿದ ದಿನವೂ ಕಾಲುವೆಯ ನೀರು ಇದ್ದೇ ಇರುತ್ತದೆ, ಅದರ ಆಳವೂ ಇರುತ್ತದೆ. ಸುಳ್ಳು ಕಳಚಿ ಬಿದ್ದಿತು, ಅದರೊಳಗಿದ್ದ ನಿಜ ಉಳಿಯಿತು. ಇಂಥ ಹೆದರಿಕೆಯನ್ನು ಹೇಳಿದ ಅಜ್ಜಿಯನ್ನು ಯಾರೂ ದೂಷಿಸಬೇಕಾದುದಿಲ್ಲ.

ಸ್ಪೇನಿನ 'ಚೀಲದವನ' ವಿಷಯ ಹಾಗಲ್ಲ. ಮುಖವಿಲ್ಲದ ಕೋಕೊ ಸಾಲದೆ, ಬೆನ್ನಿಗೆ ಗೋಣಿಚೀಲ ಹಾಕಿಕೊಂಡು ಮಕ್ಕಳನ್ನು ಹೊತ್ತೊಯ್ಯುವ ಒಬ್ಬನನ್ನೂ ಹಿರಿಯರು ಕಲ್ಪಿಸಿದರು. ಅವನ ಜೊತೆಯವನೇ ಕೊಬ್ಬು ತೆಗೆಯುವವನು, 'ಸಾಕಮಾಂತೆಕಾಸ್'. ಇವರಿಗೆ ಕೊಂಬಿಲ್ಲ, ಕೋರೆಯಿಲ್ಲ, ಇವರು ಮನುಷ್ಯರು. ಊರಿಂದೂರಿಗೆ ಸರಕು ಹೊತ್ತು ತಿರುಗುವ ಬಡವ, ಭಿಕ್ಷುಕ, ಗುರುತಿಲ್ಲದ ದಾರಿಗ ಇವರೆಲ್ಲರ ಬೆನ್ನ ಮೇಲೂ ಚೀಲವಿರುವುದು ಸಹಜವಷ್ಟೆ. ಬೆಳೆದ ಮಗುವು ಚೀಲದವನ ಕಥೆ ಸುಳ್ಳೆಂದು ತಿಳಿದಾಗ, ಕಥೆಯೇನೋ ಬಿದ್ದುಹೋಗುತ್ತದೆ. ಚೀಲ ಹೊತ್ತ ಬಡವನನ್ನು ಕಂಡಾಗ ಆಗುವ ಶಂಕೆ ಮಾತ್ರ ಮನಸ್ಸಿನ ಅಡಿಯಲ್ಲಿ ಉಳಿದುಬಿಡುತ್ತದೆ.

ಅದಕ್ಕಿಂತ ಘೋರವಾದುದೂ ನಡೆದಿದೆ. 1910ರಲ್ಲಿ ದಕ್ಷಿಣ ಸ್ಪೇನಿನ ಅಲ್ಮೇರಿಯಾ ಪ್ರಾಂತದ ಗಾದೊರ್ ಎಂಬ ಊರಿನ ಹತ್ತಿರ, ಕ್ಷಯರೋಗದಿಂದ ನರಳುತ್ತಿದ್ದ ಒಬ್ಬನಿಗೆ ಔಷಧವೆಂದು ಏಳು ವರ್ಷದ ಬಾಲಕನೊಬ್ಬನನ್ನು ಚೀಲದಲ್ಲಿ ಹಾಕಿ ಹೊತ್ತುತಂದು ಕೊಂದರು. ಮಗುವಿನ ರಕ್ತವನ್ನು ಕುಡಿದು ಕೊಬ್ಬನ್ನು ಎದೆಗೆ ಕಟ್ಟಿಕೊಂಡರೆ ರೋಗ ಹೋಗುವುದೆಂದು ಹೇಳಿದವನು ಕ್ಷೌರವೃತ್ತಿಯ ಒಬ್ಬ ನಾಟಿವೈದ್ಯ. ಕಥೆ ಕೇಳಿ ಬೆಳೆದ ಜನರಿಗೆ ಆ ದಿನ ಚೀಲದವನು ನಿಜವಾದನು. ವಿಚಾರಿಸಿ ನೋಡಿದರೆ, ಮಗುವಿನ ಕೊಬ್ಬಿನಲ್ಲಿ ಔಷಧಗುಣವುಂಟೆಂಬ ನಂಬಿಕೆಯನ್ನು ಹೊತ್ತು ತಿರುಗುತ್ತಿದ್ದುದೇ ಆ ಕಥೆ. ಮಕ್ಕಳನ್ನು ಹೆದರಿಸಲು ತಲೆಮಾರುಗಳ ಕಾಲ ಹೇಳಿದ ಮಾತನ್ನು ಒಬ್ಬ ರೋಗಿಯೂ ಮಗುವಾಗಿದ್ದಾಗ ಕೇಳಿಯೇ ಇರಬೇಕಷ್ಟೆ!

ಮುಖವಿರುವ ಗುಮ್ಮನಿಂದ ಇನ್ನೊಂದು ಅನರ್ಥವುಂಟು. ಗಲೀಸಿಯಾ ಪ್ರಾಂತದಲ್ಲಿ ಊರೂರು ತಿರುಗಿ ಸಾಮಾನು ಮಾರುತ್ತಿದ್ದ ರೊಮಸಾಂತ ಎಂಬವನು ಹಲವು ಹೆಂಗಸರನ್ನೂ ಮಕ್ಕಳನ್ನೂ ಬೇರೆ ಊರಿನಲ್ಲಿ ಚಾಕರಿ ಕೊಡಿಸುವೆನೆಂದು ಕರೆದೊಯ್ದು ಕೊಂದನು. ಅವನು ಮನುಷ್ಯರ ಕೊಬ್ಬನ್ನು ಗಡಿಯಾಚೆ ಪೋರ್ಚುಗಲ್ಲಿನಲ್ಲಿ ಮಾರುತ್ತಿದ್ದನೆಂದು ಜನ ಆಡಿಕೊಂಡರು. 1852ರಲ್ಲಿ ಸಿಕ್ಕಿಬಿದ್ದಾಗ ಅವನು 13 ಕೊಲೆಗಳನ್ನು ಒಪ್ಪಿಕೊಂಡು, ಶಾಪದಿಂದ ತಾನು ತೋಳನಾಗುತ್ತಿದ್ದೆನೆಂದೂ, ಕೊಂದುದು ತೋಳವೇ ಹೊರತು ತಾನಲ್ಲವೆಂದೂ ವಾದಿಸಿದನು. ಮರುವರ್ಷ ಅಲ್ಯಾರಿಸ್ ಪಟ್ಟಣದ ನ್ಯಾಯಾಲಯವು ಈ ಮಾತನ್ನು ನಂಬದೆ ಮರಣದಂಡನೆಯನ್ನು ವಿಧಿಸಿತು; ರಾಣಿ ಇಸಬೆಲ್ ಅದನ್ನು ಆಜೀವ ಸೆರೆವಾಸಕ್ಕೆ ಇಳಿಸಿದಳು. ಊರಿನವರು ತೋಳಮಾನವನಲ್ಲಿ ಇಟ್ಟಿದ್ದ ನಂಬಿಕೆಯನ್ನೇ ಅಪರಾಧಿಯು ಗುರಾಣಿಯಾಗಿ ಹಿಡಿದನು. ವಿತೋರಿಯಾ ನಗರದ ಸುತ್ತಮುತ್ತ ಆರು ಹೆಂಗಸರನ್ನು ಕೊಂದು 1881ರಲ್ಲಿ ಮರಣದಂಡನೆಗೆ ಗುರಿಯಾದ ಗರಾಯೊ ಎಂಬವನಿಗೂ ಜನ ಸಾಕಮಾಂತೆಕಾಸ್ ಎಂದೇ ಹೆಸರಿಟ್ಟರು. ಅವನು ಕೊಬ್ಬಿಗಾಗಿ ಕೊಂದವನಲ್ಲ, ಒಬ್ಬ ಸಾಧಾರಣ ರೈತ. ನೆರೆಮನೆಯವನು ಇಂಥ ಕೆಲಸ ಮಾಡಿದನೆಂದು ಒಪ್ಪಿಕೊಳ್ಳುವುದಕ್ಕಿಂತ, ಅವನು ಗುಮ್ಮನಾಗಿದ್ದನೆಂದು ಹೇಳಿಬಿಡುವುದು ಊರಿಗೆ ಸುಲಭ.

ಇಷ್ಟರಿಂದ ಮುಖವಿರುವ ಗುಮ್ಮನ ಕಥೆಗಳೆಲ್ಲ ತ್ಯಾಜ್ಯವೆಂದು ತೀರ್ಮಾನಿಸಬಹುದಾಗಿತ್ತು. ಆದರೆ ಅಮೆರಿಕಾ ಖಂಡದ ಪೆರು ದೇಶದ ಆಂಡೀಸ್ ಪರ್ವತಗಳ ಜನರು ಈ ತೀರ್ಮಾನಕ್ಕೆ ಅಡ್ಡವಾಗಿ ನಿಲ್ಲುವರು. ಅಲ್ಲಿಯೂ ಮನುಷ್ಯರ ಕೊಬ್ಬನ್ನು ಕದಿಯುವವನೊಬ್ಬನುಂಟು; ಅವನಿಗೆ 'ಪಿಷ್ಟಾಕೊ' ಎಂದು ಹೆಸರು, ಕಡಿಯುವುದೆಂಬ ಅರ್ಥದ ಕೆಚುವಾ ಮಾತಿನಿಂದ ಹುಟ್ಟಿದುದು. ಸಾಮಾನ್ಯವಾಗಿ ಅವನು ಬಿಳಿಯ ಮೈಬಣ್ಣದ ಪರಸ್ಥಳದವನು, ಒಂಟಿದಾರಿಯಲ್ಲಿ ಕಾದಿರುವವನು. ಸ್ಪೇನಿನವರು ಹೇಳಿದ ಗುಮ್ಮನಿಗೆ ಬಡ ದಾರಿಗನ ಮುಖವಿದ್ದರೆ, ಸ್ಪೇನಿನವರಿಗೆ ಅಡಿಯಾಳಾದವರು ಹೇಳಿದ ಗುಮ್ಮನಿಗೆ ಸ್ಪೇನಿನವನ ಮುಖವಿದೆ. ಇದು ಬರಿಯ ಕಟ್ಟುಕಥೆಯೇ? ಮೆಕ್ಸಿಕೋ ದಂಡಯಾತ್ರೆಯಲ್ಲಿದ್ದ ಬೆರ್ನಾಲ್ ದೀಯಸ್ ಎಂಬ ಸೈನಿಕನು, 1519ರ ಕಾಳಗವೊಂದರ ತರುವಾಯ ಔಷಧತೈಲವಿಲ್ಲದೆ ಸತ್ತ ಶತ್ರುವೊಬ್ಬನ ಕೊಬ್ಬಿನಿಂದಲೇ ತಮ್ಮ ಗಾಯಗಳನ್ನು ಮುಚ್ಚಿಕೊಂಡೆವೆಂದು ಸಂಕೋಚವಿಲ್ಲದೆ ಬರೆದಿದ್ದಾನೆ. ಪೆರುವಿನ ಕುಸ್ಕೊ ನಗರದ ಪಾದ್ರಿ ಮೊಲೀನ 1570ರ ದಶಕದಲ್ಲಿ ಬರೆದಂತೆ, ಸ್ಪೇನಿನವರು ಔಷಧಕ್ಕಾಗಿ ತಮ್ಮ ಕೊಬ್ಬನ್ನು ತೆಗೆಯಲು ಬಂದಿರುವರೆಂಬ ಭಯದಿಂದ ಅಲ್ಲಿನ ಜನ ಅವರ ಮನೆಗಳಿಗೆ ಸೌದೆಯನ್ನು ಒಯ್ಯಲೂ ಹಿಂಜರಿಯುತ್ತಿದ್ದರು. ಮುಂದೆ ಆ ಕೊಬ್ಬು ಚರ್ಚಿನ ಗಂಟೆಗಳ ನಾದಕ್ಕೆಂದೂ, ಯಂತ್ರಗಳಿಗೆ ಎಣ್ಣೆಯಾಗಿ ಬೇಕೆಂದೂ, ವಿಮಾನಗಳಿಗೆಂದೂ ಕಾಲಕಾಲಕ್ಕೆ ಕಥೆ ಬದಲಾಯಿತು. ಗಣಿಗಳಲ್ಲಿಯೂ ಹೊಲಗಳಲ್ಲಿಯೂ ಮೈಕರಗಿಸಿಕೊಂಡವರು, ತಮ್ಮ ಮೈಯ ಸಾರ ಬೇರೆಯವರ ಯಂತ್ರವನ್ನು ಓಡಿಸುತ್ತಿದೆಯೆಂದು ಹೇಳಿದರೆ ಅದನ್ನು ಸುಳ್ಳೆನ್ನಲು ನಾಲಗೆ ಏಳುವುದಿಲ್ಲ.

ಆದರೂ ಆ ಕಥೆಯ ಕೈಯಲ್ಲಿ ಕಲ್ಲೂ ಇತ್ತು. 1980ರಿಂದ ಪೆರುವಿನಲ್ಲಿ ಬಂಡಾಯದವರಿಗೂ ಸರ್ಕಾರದ ಸೈನ್ಯಕ್ಕೂ ಯುದ್ಧ ನಡೆದು, 2003ರ ಸತ್ಯಶೋಧನ ಮಂಡಲಿಯ ಅಂದಾಜಿನಂತೆ 69,000ಕ್ಕೂ ಹೆಚ್ಚು ಜನ ಸತ್ತರು ಅಥವಾ ಕಾಣೆಯಾದರು. ಅವರಲ್ಲಿ ನಾಲ್ವರಿಗೆ ಮೂವರು ಕೆಚುವಾ ಮೊದಲಾದ ದೇಶೀಯ ನುಡಿಗಳವರು. ಆ ಕಾಲದಲ್ಲಿ, 1987ರಲ್ಲಿ, ಆಯಾಕೂಚೊ ನಗರದಲ್ಲಿ ಹೊರಗಿನಿಂದ ಬಂದಿದ್ದ ಒಬ್ಬ ತರುಣ ವ್ಯಾಪಾರಿಯನ್ನು ಪಿಷ್ಟಾಕೊ ಎಂದು ಬಗೆದು ಗುಂಪು ಕೊಂದುಹಾಕಿತು. ಕೊಂದವರು ಕೇಡಿಗರೆಂದು ಹೇಳಿದರೆ ಅವರ ಮನೆಗಳಿಂದ ರಾತ್ರಿ ಎಳೆದೊಯ್ದವರ ಲೆಕ್ಕವನ್ನು ಬಿಟ್ಟಂತಾಯಿತು. ಭಯ ನಿಜವಾಗಿತ್ತೆಂದು ಹೇಳಿ ಸುಮ್ಮನಾದರೆ ಆ ವ್ಯಾಪಾರಿಯ ತಾಯಿಗೆ ಉತ್ತರವಿಲ್ಲ. ಆಳುವವರಿಗೂ ಈ ಕಥೆಯ ಬೆಲೆ ತಿಳಿದಿತ್ತೆಂದು ಕಾಣುತ್ತದೆ. 2009ರ ನವೆಂಬರಿನಲ್ಲಿ ಅಲ್ಲಿನ ಪೊಲೀಸರು, ಮನುಷ್ಯರನ್ನು ಕೊಂದು ಕೊಬ್ಬನ್ನು ಯೂರೋಪಿನ ಸೌಂದರ್ಯದ್ರವ್ಯಗಳ ವ್ಯಾಪಾರಿಗಳಿಗೆ ಮಾರುವ ಪಿಷ್ಟಾಕೊಗಳ ತಂಡವನ್ನು ಹಿಡಿದೆವೆಂದು ಸಾರಿದರು. ಕೆಲವೇ ದಿನಗಳಲ್ಲಿ ಅದು ನಿಲ್ಲದ ಮಾತೆಂದು ಬಯಲಾಗಿ, ಮೇಲಧಿಕಾರಿಯೊಬ್ಬನು ಸ್ಥಾನವನ್ನು ಕಳೆದುಕೊಂಡನು. ಪೊಲೀಸರ ಮೇಲೆಯೇ ಬಂದಿದ್ದ ಕೊಲೆಯ ಆರೋಪಗಳಿಂದ ಜನರ ಗಮನವನ್ನು ತಿರುಗಿಸಲು ಇದನ್ನು ಹೂಡಿದರೆಂದು ಶಂಕಿಸಿದವರುಂಟು. ದುರ್ಬಲರ ಗುಮ್ಮನನ್ನು ಬಲಿಷ್ಠರು ಎರವಲು ಪಡೆದ ಬಗೆಯಿದು.

ಇದಕ್ಕೆ ಸುಮಾರು ಇಪ್ಪತ್ತು ವರ್ಷ ಹಿಂದೆ, 1988ರ ಕೊನೆಯಲ್ಲಿ, ರಾಜಧಾನಿ ಲೀಮಾದ ಬಡವರ ಕೇರಿಗಳಲ್ಲಿ ಒಂದು ಸುದ್ದಿ ಹಬ್ಬಿತ್ತು. ವೈದ್ಯರ ವೇಷದ ಪರಕೀಯರು ಮಕ್ಕಳನ್ನು ಹಿಡಿದು ಕಣ್ಣುಗಳನ್ನು ಕೀಳುತ್ತಿರುವರೆಂದು. ಆ ಕೇರಿಗಳ ತಾಯಂದಿರಲ್ಲಿ ಅನೇಕರು ಪರ್ವತದ ಊರುಗಳಿಂದ ಇಳಿದುಬಂದವರು. ಗೋಯನ ಚಿತ್ರದ ತಾಯಿ ಗುಮ್ಮನನ್ನು ತಾನೇ ಕರೆದವಳು, ಮುಸುಕಿನೊಳಗೆ ಯಾರಿರುವರೆಂದು ಬಲ್ಲವಳು. ಲೀಮಾದ ತಾಯಂದಿರು ಯಾರನ್ನೂ ಕರೆದಿರಲಿಲ್ಲ. ಕೈಯಲ್ಲಿದ್ದ ಕೆಲಸವನ್ನು ಹಾಗೆಯೇ ಬಿಟ್ಟು ಶಾಲೆಗಳಿಗೆ ಓಡಿ, ತಮ್ಮ ತಮ್ಮ ಮಕ್ಕಳನ್ನು ಮನೆಗೆ ಕರೆತಂದರು.