ಅತಿಥಿಯ ಧರ್ಮ

ಬೇಸಿಗೆ ರಜೆ ಬಂತೆಂದರೆ ನಮ್ಮ ಕೂಟದ ಅರ್ಧಕ್ಕರ್ಧ ಮನೆಗಳಿಗೆ ಬೀಗ. ವ್ಯಾನಿನ ಹಿಂಭಾಗದಲ್ಲಿ ಟೆಂಟು, ಐಸ್ ಪೆಟ್ಟಿಗೆಯಲ್ಲಿ ಮೊಸರನ್ನ, ಬಾಟಲಿಯಲ್ಲಿ ಪುಳಿಯೋಗರೆ ಗೊಜ್ಜು, ಊರಿನಿಂದ ಬಂದಿರುವ ಅತ್ತೆ ಮಾವನಿಗೆ ಮಡಿಸುವ ಕುರ್ಚಿ. ಇಲ್ಲಿಂದ ನಾಲ್ಕು ಗಂಟೆಯ ದಾರಿ ಯೊಸೆಮಿಟಿ. ಇನ್ನೂ ಉತ್ಸಾಹವಿದ್ದವರಿಗೆ ಗ್ರ್ಯಾಂಡ್ ಕ್ಯಾನ್ಯನ್, ಯೆಲ್ಲೋಸ್ಟೋನ್. ಗಣೇಶನ ಹಬ್ಬದ ಊಟದ ಸಾಲಿನಲ್ಲಿ ನಿಂತಾಗ ಕರಡಿ ಕಂಡವರ ಕಥೆ ಒಂದು ಕಡೆ, ಕಾಣದವರ ಬೇಸರ ಇನ್ನೊಂದು ಕಡೆ. ಇದೆಲ್ಲ ಸಂತೋಷದ ವಿಷಯವೇ. ವರ್ಷವಿಡೀ ಗಡಿಯಾರದ ಮುಳ್ಳಿಗೆ ಸಿಕ್ಕಿಕೊಂಡು ಬದುಕುವ ನಾವು ನಾಲ್ಕು ದಿನ ಮರದ ನೆರಳಿನಲ್ಲಿ ಕುಳಿತರೆ ಯಾರಿಗೂ ನಷ್ಟವಿಲ್ಲ ಎಂದು ತೋರುತ್ತದೆ.

ವೈದ್ಯನಾಗಿಯೂ ನಾನು ಇದಕ್ಕೆ ವಿರೋಧ ಹೇಳಲಾರೆ. 1984ರಲ್ಲಿ ರೋಜರ್ ಉಲ್ರಿಚ್ ಎಂಬ ಸಂಶೋಧಕರು ಒಂದು ಸಣ್ಣ, ಆದರೆ ಪ್ರಸಿದ್ಧವಾದ ಅಧ್ಯಯನವನ್ನು ಪ್ರಕಟಿಸಿದರು. ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳ ದಾಖಲೆಗಳನ್ನು ಜೋಡಿ ಜೋಡಿಯಾಗಿ ಹೋಲಿಸಿ ನೋಡಿದರು. ಪ್ರತಿ ಜೋಡಿಯಲ್ಲಿ ಒಬ್ಬರ ಕಿಟಕಿಯಾಚೆ ಮರಗಳು, ಇನ್ನೊಬ್ಬರ ಕಿಟಕಿಯಾಚೆ ಬರೀ ಇಟ್ಟಿಗೆಯ ಗೋಡೆ. ಮರಗಳನ್ನು ನೋಡುತ್ತಿದ್ದವರು ಸ್ವಲ್ಪ ಬೇಗ ಮನೆಗೆ ಹೋದರು, ತೀಕ್ಷ್ಣವಾದ ನೋವಿನ ಔಷಧಿಯನ್ನು ಕಡಿಮೆ ತೆಗೆದುಕೊಂಡರು. ಕಿಟಕಿಯಿಂದ ಕಾಣುವ ಮರವೇ ಇಷ್ಟು ಮಾಡುವುದಾದರೆ ಮರಗಳ ನಡುವೆಯೇ ನಾಲ್ಕು ದಿನ ಇರುವುದು ಹಿತವೆಂದು ನಂಬಲು ಕಷ್ಟವಿಲ್ಲ.

ನನ್ನ ಪ್ರಶ್ನೆ ಬೇರೆ. ಪ್ರಕೃತಿ ನಮ್ಮ ಮೈಗೆ ಒಳ್ಳೆಯದು, ಸರಿ. ಅದು ನಮ್ಮನ್ನು ಒಳ್ಳೆಯವರನ್ನಾಗಿಯೂ ಮಾಡುತ್ತದೆಯೇ? ನಮ್ಮಲ್ಲಿ ಬಹಳ ಜನ ಹಾಗೆಂದೇ ಭಾವಿಸಿದ್ದೇವೆ. ಮಲೆನಾಡಿನ ಸೂರ್ಯೋದಯವನ್ನು ಧ್ಯಾನದಂತೆ ಕಂಡ ಕುವೆಂಪು ಅವರ ಭಾಷೆಯನ್ನಾಡುವ ನಮಗೆ ಹಾಗೆ ಅನಿಸುವುದು ಸಹಜ. ಬೆಟ್ಟದ ಮುಂದೆ ಮೌನವಾಗಿ ನಿಂತವನ ಮನಸ್ಸು ತೊಳೆದಂತಾಗುತ್ತದೆ, ಅವನು ಇನ್ನು ಕೇಡು ಮಾಡಲಾರ ಎಂಬ ನಂಬಿಕೆ ನಮ್ಮದು. ಈ ನಂಬಿಕೆಯನ್ನು ಪರೀಕ್ಷಿಸಲು ನಾವು ಹೆಚ್ಚು ದೂರ ಹೋಗಬೇಕಾಗಿಲ್ಲ. ನಾವು ಟೆಂಟು ಹೂಡುವ ಆ ಕಣಿವೆಯ ಚರಿತ್ರೆಯೇ ಸಾಕು.

1851ರ ಮಾರ್ಚ್ ತಿಂಗಳಲ್ಲಿ ಮಾರಿಪೋಸಾ ಬೆಟಾಲಿಯನ್ ಎಂಬ ಸಶಸ್ತ್ರ ದಳವೊಂದು ಯೊಸೆಮಿಟಿ ಕಣಿವೆಯನ್ನು ಹೊಕ್ಕಿತು. ಚಿನ್ನದ ಆಸೆಗೆ ಬಂದ ಜನ ಆ ಸೀಮೆಯನ್ನು ತುಂಬಿಕೊಂಡಿದ್ದ ಕಾಲ ಅದು. ಕಣಿವೆಯಲ್ಲಿ ಅಹ್ವಾನೀಚಿ ಎಂಬ ಜನ ವಾಸವಾಗಿದ್ದರು. ಅವರ ನಾಯಕ ತೆನಾಯ. ಅವರನ್ನೆಲ್ಲ ಹಿಡಿದು ಮೀಸಲು ಪ್ರದೇಶಕ್ಕೆ ಸಾಗಿಸುವುದು ದಳದ ಉದ್ದೇಶ. ಆ ದಳದಲ್ಲಿ ಲಫಾಯೆಟ್ ಬನೆಲ್ ಎಂಬೊಬ್ಬನಿದ್ದ. ಮುಂದೆ ವೈದ್ಯನಾದವನು, ಅಂದರೆ ನನ್ನ ಕಸುಬಿನವನೇ. ಕಣಿವೆಗೆ ಯೊಸೆಮಿಟಿ ಎಂಬ ಹೆಸರನ್ನು ಸೂಚಿಸಿದವನೂ ಅವನೇ. 1880ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಅವನು ಎರಡು ಸಂಗತಿಗಳನ್ನು ಬರೆದಿದ್ದಾನೆ. ಮೊದಲ ಬಾರಿಗೆ ಆ ಬಂಡೆಗಳನ್ನೂ ಜಲಪಾತಗಳನ್ನೂ ಕಂಡಾಗ ತನ್ನ ಕಣ್ಣಲ್ಲಿ ನೀರು ತುಂಬಿತೆಂಬುದು ಒಂದು. ಅಲ್ಲಿಯ ಜನರ ಗುಡಿಸಲುಗಳನ್ನೂ, ಚಳಿಗಾಲಕ್ಕೆಂದು ಅವರು ಕೂಡಿಟ್ಟಿದ್ದ ಓಕ್ ಕಾಯಿಯ ಕಣಜಗಳನ್ನೂ ದಳದವರು ಸುಟ್ಟರೆಂಬುದು ಇನ್ನೊಂದು. ಆ ಕಾಯಿಯನ್ನು ಕುಟ್ಟಿ, ಕಹಿ ಹೋಗುವಂತೆ ನೀರಿನಲ್ಲಿ ತೊಳೆದು ಮಾಡುವ ಅಂಬಲಿಯೇ ಅವರ ಮುಖ್ಯ ಆಹಾರ. ನಮಗೆ ರಾಗಿ ಹೇಗೋ ಅವರಿಗೆ ಅದು ಹಾಗೆ. ಕಣಜ ಸುಟ್ಟರೆ ಹಸಿವಿಗೆ ಸೋತು ಶರಣಾಗುತ್ತಾರೆ ಎಂಬುದು ಲೆಕ್ಕಾಚಾರ.

ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಸೌಂದರ್ಯ ಕಂಡು ಅತ್ತದ್ದೂ, ಅನ್ನ ಸುಟ್ಟ ದಳದ ಜೊತೆ ನಡೆದದ್ದೂ ಒಬ್ಬನೇ ಮನುಷ್ಯ, ಒಂದೇ ದಂಡಯಾತ್ರೆಯಲ್ಲಿ. ಅವನ ಕಣ್ಣೀರು ನಾಟಕವಾಗಿತ್ತೆಂದು ನನಗೆ ಅನಿಸುವುದಿಲ್ಲ. ಕಣ್ಣೀರು ನಿಜವಾಗಿದ್ದೂ ಅದು ಕಣಜಗಳನ್ನು ಉಳಿಸಲಿಲ್ಲ. ಆದ್ದರಿಂದ ಪ್ರಕೃತಿಯ ಸೌಂದರ್ಯ ತನ್ನಷ್ಟಕ್ಕೆ ತಾನೇ ನಮ್ಮನ್ನು ಸಜ್ಜನರನ್ನಾಗಿ ಮಾಡುವುದಿಲ್ಲ ಎಂದು ಒಪ್ಪಿಕೊಳ್ಳಬೇಕಾಗುತ್ತದೆ. ಔಷಧಿಯಂತೆ ಅದು ಒಂದು ಕೆಲಸ ಮಾಡುತ್ತದೆ. ಇನ್ನೊಂದನ್ನು ನಾವೇ ಮಾಡಬೇಕು.

ಮುಂದಿನ ಕಥೆ ಬಹಳ ಜನಕ್ಕೆ ಗೊತ್ತಿರುವುದೇ. 1864ರಲ್ಲಿ ಅಬ್ರಹಾಂ ಲಿಂಕನ್ ಸಹಿ ಹಾಕಿ ಕಣಿವೆಯನ್ನು ಸಾರ್ವಜನಿಕರ ವಿಹಾರಕ್ಕೆ ಕಾದಿಟ್ಟರು. 1890ರಲ್ಲಿ ಸುತ್ತಲಿನ ಪ್ರದೇಶ ರಾಷ್ಟ್ರೀಯ ಉದ್ಯಾನವಾಯಿತು. ಅಹ್ವಾನೀಚಿಗಳಲ್ಲಿ ಕೆಲವರು ಹಿಂದಿರುಗಿ ಬಂದು, ಪ್ರವಾಸಿಗರಿಗೆ ಕೂಲಿ ಮಾಡುತ್ತ, ಬುಟ್ಟಿ ಹೆಣೆದು ಮಾರುತ್ತ ಅಲ್ಲಿಯೇ ಉಳಿದರು. ಕಣಿವೆಯಲ್ಲಿದ್ದ ಅವರ ಕೊನೆಯ ಹಳ್ಳಿಯ ಮನೆಗಳನ್ನು 1969ರಲ್ಲಿ ಕೆಡವಲಾಯಿತು. ಅದು ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ವರ್ಷ. ತುಂಬ ಹಳೆಯ ಮಾತೇನೂ ಅಲ್ಲ.

ಒಂದು ಹೋಟೆಲಿನ ಪ್ರಸಂಗವನ್ನೂ ಹೇಳಬೇಕು. ಕಣಿವೆಯನ್ನು ಅಲ್ಲಿಯ ಜನ ಕರೆಯುತ್ತಿದ್ದ ಅಹ್ವಾನೀ ಎಂಬ ಹೆಸರಿನಲ್ಲೇ 1927ರಲ್ಲಿ ಒಂದು ದೊಡ್ಡ ಹೋಟೆಲು ತೆರೆಯಿತು. ಆ ಹೆಸರು ಯಾರ ಆಸ್ತಿ ಎಂದು ಹಳೆಯ ಗುತ್ತಿಗೆದಾರ ಕಂಪನಿಗೂ ಉದ್ಯಾನದ ಆಡಳಿತಕ್ಕೂ ವ್ಯಾಜ್ಯ ಹತ್ತಿ, 2016ರಲ್ಲಿ ಹೋಟೆಲಿನ ಹೆಸರನ್ನೇ ಬದಲಾಯಿಸಿದರು. 2019ರಲ್ಲಿ ರಾಜಿಯಾಗಿ ಹೆಸರು ಮರಳಿ ಬಂತು. ಆ ಶಬ್ದ ಯಾರ ಬಾಯಿಂದ ಬಂದದ್ದೋ ಅವರು ಆ ವ್ಯಾಜ್ಯದಲ್ಲಿ ವಾದಿಯೂ ಅಲ್ಲ, ಪ್ರತಿವಾದಿಯೂ ಅಲ್ಲ.

ಇಷ್ಟೇ ಆಗಿದ್ದರೆ ಇದು ಅನ್ಯಾಯದ ಕಥೆ ಮಾತ್ರ. ಆದರೆ ಇದರಲ್ಲಿ ಅಜ್ಞಾನದ ಕಥೆಯೂ ಸೇರಿದೆ. ಮೊದಲು ಬಂದವರು ಕಣಿವೆಯಲ್ಲಿ ಕಂಡ ವಿಶಾಲವಾದ ಹುಲ್ಲುಗಾವಲುಗಳು, ದೂರ ದೂರ ನಿಂತ ಓಕ್ ಮರಗಳು ಎಲ್ಲವೂ ದೇವರು ಹಾಗೆಯೇ ಇಟ್ಟದ್ದೆಂದು ತಿಳಿದರು. ನಿಜವಾಗಿ ಅಲ್ಲಿಯ ಜನ ಕಾಲಕಾಲಕ್ಕೆ ನೆಲಕ್ಕೆ ಸಣ್ಣ ಬೆಂಕಿ ಕೊಟ್ಟು ಪೊದೆಗಳನ್ನು ಸುಟ್ಟು ಆ ತೋಟವನ್ನು ಕಾಪಾಡಿಕೊಂಡು ಬಂದಿದ್ದರು. ಅವರು ಹೋದರು, ಬೆಂಕಿಯನ್ನೂ ನಿಷೇಧಿಸಲಾಯಿತು. ಹುಲ್ಲುಗಾವಲಿನೊಳಗೆ ಪೈನ್, ಸೀಡರ್ ಮರಗಳು ನುಗ್ಗಿದವು. ಆ ಮಹಾವೃಕ್ಷ ಸೆಕ್ವೊಯಾದ ಕಾಯಿ ಬಿಸಿ ತಾಗಿದರೆ ಚೆನ್ನಾಗಿ ಬಾಯಿಬಿಡುತ್ತದೆ, ಬೀಜ ಮೊಳೆಯಲು ಬೆಂಕಿ ತೆರವು ಮಾಡಿಕೊಟ್ಟ ಬರಿಯ ಮಣ್ಣು ಬೇಕು ಎಂಬುದು ವಿಜ್ಞಾನಿಗಳಿಗೆ ಖಚಿತವಾಗುವ ಹೊತ್ತಿಗೆ 1960ರ ದಶಕ ಬಂದಿತ್ತು. ಈಗ ಉದ್ಯಾನದವರೇ ಲೆಕ್ಕ ಹಾಕಿ ಬೆಂಕಿ ಕೊಡುತ್ತಾರೆ.

ನಮ್ಮ ಊರಿನ ಕಡೆ ತಿರುಗೋಣ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರಿದ್ದಾರೆ. ಬೇಸಿಗೆಯ ಮೊದಲಲ್ಲಿ ಒಣಗಿದ ಎಲೆಗೆ ಸಣ್ಣದಾಗಿ ಬೆಂಕಿ ಕೊಡುವ ಪದ್ಧತಿ ಅವರಲ್ಲಿತ್ತು. ಅದಕ್ಕೆ ಅವರು ತರಗು ಬೆಂಕಿ ಎನ್ನುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ, 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು. ತರಗು ಬೆಂಕಿ ನಿಂತಿತು. ಆಮೇಲೆ ಲಂಟಾನ ಕಾಡನ್ನೆಲ್ಲ ಆವರಿಸಿಕೊಂಡಿತು. ಬೆಂಕಿ ನಿಲ್ಲಿಸಿದ್ದೂ ಇದಕ್ಕೆ ಒಂದು ಕಾರಣವೆಂದು ಸೋಲಿಗರು ಹೇಳುತ್ತಲೇ ಬಂದರು. ಅವರ ಜೊತೆ ಕೆಲಸ ಮಾಡಿದ ಸಂಶೋಧಕರೂ ಈಗ ಅದನ್ನು ಬರೆದಿದ್ದಾರೆ. ಯೊಸೆಮಿಟಿಗೂ ಬಿಳಿಗಿರಿಗೂ ಎಷ್ಟು ಸಾವಿರ ಮೈಲಿ! ಕಥೆ ಮಾತ್ರ ಒಂದೇ ಅಚ್ಚಿನದು.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪಣೆ ಇದೆ. ಉದ್ಯಾನಗಳನ್ನು ಮಾಡದೆ ಇದ್ದಿದ್ದರೆ ಏನಾಗುತ್ತಿತ್ತು? ಗಣಿ, ಗರಗಸ, ಅಣೆಕಟ್ಟು. ಉದ್ಯಾನವೆಂದು ಘೋಷಿಸಿದ ಮೇಲೂ ಯೊಸೆಮಿಟಿಯ ಒಳಗಿನ ಹೆಚ್ ಹೆಚ್ಚಿ ಕಣಿವೆಯನ್ನು ಮುಳುಗಿಸಲು 1913ರಲ್ಲಿ ಕಾಯಿದೆಯಾಯಿತು. ಸ್ಯಾನ್ ಫ್ರಾನ್ಸಿಸ್ಕೋದ ನಲ್ಲಿಯ ನೀರು ಇಂದಿಗೂ ಅಲ್ಲಿಂದಲೇ ಬರುತ್ತದೆ. ನಮ್ಮಲ್ಲಿಯೂ 1973ರ ಹುಲಿ ಯೋಜನೆಯಲ್ಲಿ ಬಂಡೀಪುರ ಸೇರದೆ ಇದ್ದಿದ್ದರೆ 2022ರ ಗಣತಿಯಲ್ಲಿ ಕರ್ನಾಟಕಕ್ಕೆ 563 ಹುಲಿಗಳ ಲೆಕ್ಕ ಸಿಗುತ್ತಿತ್ತೇ? ಸಿಗುತ್ತಿರಲಿಲ್ಲ ಎಂದೇ ನಾನೂ ಹೇಳುತ್ತೇನೆ. ಕಾಡಿನ ಒಳಗೇ ಇದ್ದರೆ ಶಾಲೆ, ಆಸ್ಪತ್ರೆ ಸಿಗುವುದಿಲ್ಲ, ಹೊರಗೆ ಬಂದರೆ ಮಕ್ಕಳಿಗೆ ಒಳ್ಳೆಯದು ಎನ್ನುವವರೂ ಇದ್ದಾರೆ. ಹಾಗೆ ಬಯಸಿ ಹೊರಬಂದ ಕುಟುಂಬಗಳೂ ಇವೆ.

ಇದಕ್ಕೆ ನನ್ನ ಉತ್ತರ ನನ್ನ ಕಸುಬಿನಿಂದಲೇ ಬರುತ್ತದೆ. ಶಸ್ತ್ರಚಿಕಿತ್ಸೆ ಎಷ್ಟೇ ಯಶಸ್ವಿಯಾಗಲಿ, ರೋಗಿಯ ಒಪ್ಪಿಗೆ ಇಲ್ಲದೆ ಕತ್ತಿ ಹಾಕಿದರೆ ಅದು ಅಪರಾಧ. ಫಲ ಒಳ್ಳೆಯದಾಯಿತಲ್ಲ ಎಂಬ ಸಮಾಧಾನವನ್ನು ನಾವು ವೈದ್ಯರಿಗೆ ಕೊಡುವುದಿಲ್ಲ. ಅದೇ ನ್ಯಾಯ ಇಲ್ಲಿಗೂ ಸಲ್ಲಬೇಕು. ಪ್ರಶ್ನೆ ಹುಲಿಯೋ ಮನುಷ್ಯನೋ ಎಂಬುದಲ್ಲ. ಆ ಮನುಷ್ಯನನ್ನು ಯಾರಾದರೂ ಕೇಳಿದರೇ ಎಂಬುದು. ಭಾರತದ 2006ರ ಅರಣ್ಯ ಹಕ್ಕು ಕಾಯಿದೆ ಇದನ್ನೇ ಹೇಳುತ್ತದೆ: ಗ್ರಾಮಸಭೆಯ ಮುಕ್ತ, ತಿಳಿವಳಿಕೆಯ ಒಪ್ಪಿಗೆ ಇಲ್ಲದೆ ಯಾರನ್ನೂ ಕಾಡಿನಿಂದ ಎಬ್ಬಿಸುವಂತಿಲ್ಲ. 2011ರಲ್ಲಿ ಬಿಳಿಗಿರಿ ಹುಲಿ ರಕ್ಷಿತಾರಣ್ಯವಾಯಿತು. ಅದೇ ವರ್ಷ ಸೋಲಿಗರ ಸಾಮುದಾಯಿಕ ಹಕ್ಕುಗಳಿಗೆ ಮಾನ್ಯತೆ ಸಿಕ್ಕಿತು. ಹುಲಿಯೂ ಇದೆ, ಸೋಲಿಗರೂ ಇದ್ದಾರೆ. ನಾಗರಹೊಳೆಯ ಚರಿತ್ರೆ ಇಷ್ಟು ಸುಗಮವಲ್ಲ. ಜೇನುಕುರುಬರನ್ನು ಹೊರಗೆ ಕಳುಹಿಸಿದ ಅದೇ ಕಾಡಿನೊಳಗೆ ಪ್ರವಾಸಿಗರಿಗಾಗಿ ಹೋಟೆಲು ಕಟ್ಟಲು ಹೊರಟಾಗ ಆದಿವಾಸಿಗಳು ನ್ಯಾಯಾಲಯಕ್ಕೆ ಹೋದರು. 1997ರಲ್ಲಿ ಕರ್ನಾಟಕ ಹೈಕೋರ್ಟು ಆ ಹೋಟೆಲಿಗೆ ತಡೆ ಹಾಕಿತು. ವಾಸ ಮಾಡುವವನು ಕಾಡಿಗೆ ಅಪಾಯ, ರಜೆಗೆ ಬರುವವನು ಅಲ್ಲ ಎಂಬ ತರ್ಕ ನನಗಂತೂ ಅರ್ಥವಾಗುವುದಿಲ್ಲ.

ಇನ್ನೊಂದು ಮಾತನ್ನು ನಮ್ಮವರ ಬಾಯಲ್ಲಿ ಆಗಾಗ ಕೇಳುತ್ತೇನೆ. "ನಾವು ಬಂದದ್ದು ಮೊನ್ನೆ ಮೊನ್ನೆ ಸಾರ್. ಯಾರ ನೆಲವನ್ನೂ ನಾವು ಕಿತ್ತುಕೊಂಡಿಲ್ಲ. ಅದು ಇವರಿವರ ಲೆಕ್ಕ." ಮೇಲ್ನೋಟಕ್ಕೆ ಸರಿ. ಆದರೆ ಲಾಭದಲ್ಲಿ ಪಾಲು ತೆಗೆದುಕೊಂಡವನು ಸಾಲದ ಪತ್ರವನ್ನು ಓದುವುದೇ ಇಲ್ಲ ಎನ್ನಬಹುದೇ? ಇದಕ್ಕೆ ಅಮೆರಿಕವೇ ಬೇಕೆಂದಿಲ್ಲ. ಶಾಲೆಯಿಂದ ಜೋಗಕ್ಕೆ ಪ್ರವಾಸ ಹೋಗದವರು ನಮ್ಮಲ್ಲಿ ಎಷ್ಟು ಮಂದಿ? 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ಹಿಂದೆ ಊರು, ಗದ್ದೆ, ತೋಟ, ದೇವಸ್ಥಾನಗಳು ಮುಳುಗಿದವು. ಆ ವಿದ್ಯುತ್ತಿನ ಬೆಳಕಿನಲ್ಲಿ ಓದಿ ನಾವು ಡಾಕ್ಟರು, ಎಂಜಿನಿಯರು ಆಗಿ ಇಲ್ಲಿಗೆ ಬಂದೆವು. ನಾವು ಅಣೆಕಟ್ಟು ಕಟ್ಟಲಿಲ್ಲ, ನಿಜ. ಆದರೆ ದೀಪ ಉರಿದದ್ದು ನಮ್ಮ ಮೇಜಿನ ಮೇಲೆ. ತಪ್ಪಿತಸ್ಥರಾಗುವುದು ಬೇರೆ, ಋಣಿಗಳಾಗುವುದು ಬೇರೆ. ನಾನು ಹೇಳುತ್ತಿರುವುದು ಎರಡನೆಯದನ್ನು.

ಹಾಗಾದರೆ ಋಣ ತೀರಿಸುವುದು ಹೇಗೆ? ಅದೇ 1964ರಲ್ಲಿ ಈ ದೇಶ ಅರಣ್ಯ ಪ್ರದೇಶಗಳ ಬಗ್ಗೆ ಒಂದು ಪ್ರಸಿದ್ಧ ಕಾಯಿದೆ ಮಾಡಿತು. ಮನುಷ್ಯ ಅಲ್ಲಿ ಬಂದು ಹೋಗುವವನು, ನೆಲೆಸುವವನಲ್ಲ ಎಂಬುದು ಅದರ ಭಾವ. ಸೊಗಸಾದ ಭಾವವೇ. ಆದರೆ ಅತಿಥಿ ಎಂದ ಮೇಲೆ ಆತಿಥೇಯ ಒಬ್ಬನಿರಬೇಕಲ್ಲವೇ? ನಮ್ಮ ಸಂಪ್ರದಾಯದಲ್ಲಿ ಅತಿಥಿ ದೇವರೆಂಬುದನ್ನು ಎಲ್ಲರೂ ನೆನಪಿಟ್ಟಿದ್ದೇವೆ. ಅತಿಥಿಗೂ ಧರ್ಮವಿದೆ ಎಂಬುದನ್ನು ಮರೆತಿದ್ದೇವೆ. ಯಾರ ಮನೆ ಎಂದು ವಿಚಾರಿಸದೆ ಒಳಗೆ ಬಂದು ಎಲೆಯ ಮುಂದೆ ಕುಳಿತವನನ್ನು ನಮ್ಮ ಅಜ್ಜಿಯರು ಅತಿಥಿ ಎನ್ನುತ್ತಿರಲಿಲ್ಲ. ಅವರು ಇಡುತ್ತಿದ್ದ ಹೆಸರೇ ಬೇರೆ!

ವಿಚಾರಿಸುವುದು ಹೇಗಿರಬೇಕೆಂಬುದಕ್ಕೆ ಪೂರ್ಣಚಂದ್ರ ತೇಜಸ್ವಿಯವರ "ಕರ್ವಾಲೊ" ಒಳ್ಳೆಯ ಉದಾಹರಣೆ. ಅದರಲ್ಲಿ ದೊಡ್ಡ ವಿಜ್ಞಾನಿ ಹಾರುವ ಓತಿಯನ್ನು ಹುಡುಕಿ ಕಾಡಿಗೆ ಹೊರಡುವುದು ಹಳ್ಳಿಯ ಮಂದಣ್ಣನನ್ನು ನಂಬಿಕೊಂಡು. ಬದುಕಿನಲ್ಲೂ ಅಂಥವರಿದ್ದಾರೆ. ಡಾ. ಎಚ್. ಸುದರ್ಶನ್ ವೈದ್ಯಕೀಯ ಓದು ಮುಗಿಸಿ ಬಿಳಿಗಿರಿ ಬೆಟ್ಟಕ್ಕೆ ಹೋಗಿ ಸೋಲಿಗರ ನಡುವೆ ನೆಲೆಸಿದರು. 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದರು. 1994ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ನಾವೆಲ್ಲ ಸುದರ್ಶನ್ ಆಗಲಾರೆವು, ಆಗಬೇಕೆಂದು ಯಾರೂ ಕೇಳುತ್ತಲೂ ಇಲ್ಲ. ಆದರೆ ಒಂದು ಸರಳ ತರ್ಕವನ್ನು ನಾವೆಲ್ಲರೂ ಮಾಡಬಹುದು. ಕಿಟಕಿಯಾಚೆಯ ಮರವೊಂದು ರೋಗಿಯನ್ನು ಬೇಗ ಗುಣಪಡಿಸುವುದಾದರೆ, ಇಡೀ ಕಾಡನ್ನೇ ಕಳೆದುಕೊಂಡವನ ಮೈಮನಸ್ಸಿಗೆ ಏನಾಗಿರಬೇಡ? ಮೊದಲನೆಯದನ್ನು ನಂಬಿ ರಜೆ ಹಾಕುವ ನಾವು ಎರಡನೆಯದನ್ನು ನಂಬದೆ ಇರಲು ಸಾಧ್ಯವಿಲ್ಲ.

ಆದ್ದರಿಂದ ಪ್ರವಾಸವನ್ನು ಬಿಡಬೇಡಿ, ಹೋಗಿ ಬನ್ನಿ. ಸಂತೋಷವನ್ನು ಬಿಟ್ಟುಕೊಡುವುದರಿಂದ ಯಾರ ಮನೆಯೂ ಮರಳಿ ಎದ್ದು ನಿಲ್ಲುವುದಿಲ್ಲ. ಯೊಸೆಮಿಟಿಗೆ ಹೋದಾಗ ಜಲಪಾತದ ಫೋಟೋ ಆದ ಮೇಲೆ ಮಕ್ಕಳನ್ನು ಅಲ್ಲಿಯ ವಸ್ತುಸಂಗ್ರಹಾಲಯಕ್ಕೂ, ಅದರ ಹಿಂದಿರುವ ಅಹ್ವಾನೀ ಹಳ್ಳಿಯ ಮಾದರಿಗೂ ಕರೆದೊಯ್ಯಿರಿ. ಕೆಡವಿದ ಹಳ್ಳಿಯ ಜಾಗದಲ್ಲಿ ವಹೋಗ ಎಂಬ ಹೆಸರಿನಲ್ಲಿ ತಮ್ಮ ಸಾಂಪ್ರದಾಯಿಕ ಕಟ್ಟಡಗಳನ್ನು ಕಟ್ಟಿ ಬಳಸಿಕೊಳ್ಳಲು ಆ ಜನ 2018ರಲ್ಲಿ ಉದ್ಯಾನದ ಆಡಳಿತದೊಡನೆ ಒಪ್ಪಂದ ಮಾಡಿಕೊಂಡರೆಂದು ತಿಳಿಸಿ. ತೆನಾಯ ಸರೋವರದ ದಂಡೆಯಲ್ಲಿ ಬುತ್ತಿ ಬಿಚ್ಚುವಾಗ ತೆನಾಯ ಯಾರೆಂದು ಹೇಳಿ. ತನ್ನ ಜನರನ್ನು ಅಲ್ಲೇ ಸೆರೆಹಿಡಿದು, ಸರೋವರಕ್ಕೆ ನಿನ್ನ ಹೆಸರಿಟ್ಟಿದ್ದೇವೆ ಎಂದವರಿಗೆ ಅದಕ್ಕೆ ಈಗಾಗಲೇ ಹೆಸರಿದೆ ಎಂದು ಅವನು ಉತ್ತರ ಕೊಟ್ಟನಂತೆ. ಊರಿಗೆ ಹೋದಾಗ ಕಬಿನಿಯ ದಂಡೆಯ ರೆಸಾರ್ಟಿನಲ್ಲಿ ಎರಡು ದಿನ ಇದ್ದರೆ, ಜೀಪು ಓಡಿಸುವವನನ್ನು ಹುಲಿ ಎಲ್ಲಿ ಎಂದು ಕೇಳುವುದರ ಜೊತೆಗೆ, ಇಲ್ಲಿ ಮೊದಲು ಯಾವ ಹಾಡಿಗಳಿದ್ದವು, ಆ ಜನ ಈಗ ಎಲ್ಲಿದ್ದಾರೆ ಎಂದೂ ಕೇಳಿ. ಅವನಿಗೆ ಗೊತ್ತಿರುತ್ತದೆ. ಎಷ್ಟೋ ಸಲ ಅವನೇ ಆ ಹಾಡಿಯವನಾಗಿರುತ್ತಾನೆ.