ಯಾರ ಮಾತಿನಲ್ಲಿ ಹೇಳೋಣ?

ಕೇಂದ್ರ ಸರಕಾರದ ಕಚೇರಿಯಲ್ಲಿ ಗುಮಾಸ್ತರಾಗಿರುವವರಿಗೆ ಕರಡು ಬರೆಯುವುದೆಂದರೆ ನೀರು ಕುಡಿದಷ್ಟು ಸುಲಭ ಎಂದು ಹೊರಗಿನವರು ತಿಳಿದಿರುತ್ತಾರೆ. ಮೇಲಾಗಿ ನಾವು ಬಿ.ಎಸ್ಸಿ. ಓದಿದವರು. ಆದ್ದರಿಂದ ಇಂಟರ್‌ಮೀಡಿಯಟ್ ಫಲಿತಾಂಶ ಬರುವ ಮೊದಲು ಇಲ್ಲಿನ ಕನ್ನಡ ಮನೆಗಳಿಗೆ ಹಂಚಲು, ಆತ್ಮಹತ್ಯೆ ತಡೆಯುವ ಬಗ್ಗೆ ಒಂದು ಪುಟದ ಕರಪತ್ರ ಬೇಕೆಂದಾಗ, ಸಂಘದ ಗೆಳೆಯರು ಅದನ್ನು ನಮ್ಮ ತಲೆಗೆ ಕಟ್ಟಿದರು. ಎರಡು ಸಂಜೆಯಲ್ಲಿ ಬರೆದು ಮುಗಿಸಿದೆವು. "ಆತ್ಮಹತ್ಯೆ ಮಹಾಪಾಪ, ಅದು ಹೇಡಿಗಳ ದಾರಿ" ಎಂದು ಆರಂಭ. ನಡುವೆ, ತಂದೆತಾಯಿಯರ ತ್ಯಾಗವನ್ನು ನೆನೆಯಬೇಕೆಂಬ ಬುದ್ಧಿಮಾತು. ಕೊನೆಗೆ, "ಖಿನ್ನತೆಯ ಲಕ್ಷಣಗಳು ಕಂಡುಬಂದಲ್ಲಿ ತಜ್ಞರನ್ನು ಸಂಪರ್ಕಿಸತಕ್ಕದ್ದು." ಈ 'ತಕ್ಕದ್ದು' ನಮ್ಮ ಹಣೆಬರಹ; ಮನೆಗೆ ಬಂದರೂ ಬಿಡುವುದಿಲ್ಲ.

ಅಚ್ಚಿಗೆ ಕೊಡುವ ಮೊದಲು ಕಾಚಿಗುಡದಲ್ಲಿರುವ ಒಬ್ಬ ಹಿರಿಯ ತಾಯಿಗೆ ಓದಿ ಹೇಳಿದೆವು. ಅವರು ಸೇಡಂ ಕಡೆಯವರು, ಮಗನ ಸಂಸಾರದೊಡನೆ ಬಂದು ನೆಲೆಸಿದವರು. ಪೂರ್ತಿ ಕೇಳಿ, ಕಾಗದವನ್ನು ತೆಗೆದುಕೊಂಡು ನಾಲ್ಕು ಮಡಿಕೆ ಮಾಡಿ ಕೈಯಲ್ಲೇ ಇಟ್ಟುಕೊಂಡರು. ಆಮೇಲೆ ಕೇಳಿದರು: "ತಮ್ಮಾ, ಮನ್ಯಾಗ ಒಬ್ಬರನ್ನ ಹಂಗ ಕಳಕೊಂಡವ್ರು ಈ ಕಾಗದ ಎಲ್ಲಿ ಇಡಬೇಕಪ್ಪಾ?"

ಅವರ ತಮ್ಮ ಹಾಗೆ ಹೋದವನೆಂದು ನಮಗೆ ಗೊತ್ತಾದದ್ದು ಹೊರಡುವಾಗ, ಸೊಸೆ ಮೆಟ್ಟಿಲವರೆಗೆ ಬಂದು ಹೇಳಿದ ಮೇಲೆ. ನಲವತ್ತು ವರ್ಷದಿಂದ ಆ ಮನೆಯಲ್ಲಿ ಅವನ ಹೆಸರೆತ್ತುವುದಿಲ್ಲವಂತೆ. ನಾವು ಆ ತಾಯಿಯ ಎದುರಿಗೇ ಕುಳಿತು ಅವನನ್ನು ಪಾಪಿ, ಹೇಡಿ ಎಂದು ಓದಿ ಬಂದಿದ್ದೆವು.

ಅಂದಿನಿಂದ ಒಂದು ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ. ಒಂದು ಜೀವ ಉಳಿಯುವುದಾದರೆ ನಾಲ್ಕು ಜನಕ್ಕೆ ನೋವಾಗುವ ಮಾತನ್ನು ಆಡಬಹುದೆ? ಪಾಪದ ಭಯದಿಂದಲೇ ತಡೆದು ನಿಂತವರು ಇಲ್ಲವೆ? ಇದ್ದಾರೆ, ಅದನ್ನು ಅಲ್ಲಗಳೆಯಲಾರೆವು. ಆದರೆ ಅಜ್ಜಿ "ಹಾಗೆಲ್ಲ ಯೋಚಿಸಬಾರದು, ಪಾಪ" ಎನ್ನುವಾಗ ಪಕ್ಕದಲ್ಲಿ ಕುಳಿತು ತಲೆ ನೇವರಿಸುತ್ತಿರುತ್ತಾಳೆ. ಕಾಗದಕ್ಕೆ ಕೈಯಿಲ್ಲ. ಪಾಪವೆಂಬ ಮಾತು ಮಾತ್ರ ಮನೆಯೊಳಗೆ ಬಂದು, ಕೈ ಬರದೇ ಹೋದರೆ, ಆ ಯೋಚನೆ ಇರುವವನು ಅದನ್ನು ಇನ್ನಷ್ಟು ಆಳದಲ್ಲಿ ಬಚ್ಚಿಡುತ್ತಾನೆ. ಹೇಡಿ ಎನ್ನಿಸಿಕೊಳ್ಳಲು ಯಾರು ತಾನೇ ಬಾಯಿ ಬಿಡುತ್ತಾರೆ?

'ಹತ್ಯೆ' ಎಂಬ ಪದದಲ್ಲೇ ಅಪರಾಧದ ವಾಸನೆಯಿದೆ. ಕಾನೂನೂ ಬಹುಕಾಲ ಹಾಗೆಯೇ ಕಂಡಿತು. ದಂಡ ಸಂಹಿತೆಯ 309ನೆಯ ಕಲಮು ಪ್ರಯತ್ನಪಟ್ಟವರಿಗೆ ಶಿಕ್ಷೆ ಹೇಳುತ್ತಿತ್ತು. 2018ರ ಮೇ 29ರಂದು ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಕಾಯಿದೆ, ಅಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರ ಆರೈಕೆ ಸರಕಾರದ ಹೊಣೆ ಎಂದಿತು. 2024ರ ಜುಲೈ 1ರಿಂದ ಬಂದ ನ್ಯಾಯ ಸಂಹಿತೆಯಲ್ಲಿ ಆ ಹಳೆಯ ಕಲಮೇ ಇಲ್ಲ. ಕಾನೂನು ಬರೆಯುವವರು ಇಷ್ಟು ಮೆತ್ತಗಾದ ಮೇಲೂ ನಮ್ಮ ಕರಪತ್ರ ಪೊಲೀಸರ ಧಾಟಿಯಲ್ಲೇ ಇತ್ತು.

ಹೈದರಾಬಾದಿನಲ್ಲಿರುವ ನಮಗೆ 2019ರ ಏಪ್ರಿಲ್ ಮರೆಯುವಂಥದಲ್ಲ. 18ನೆಯ ತಾರೀಖು ಇಂಟರ್ ಫಲಿತಾಂಶ ಬಂತು. ಮುಂದಿನ ದಿನಗಳಲ್ಲಿ ರಾಜ್ಯದಲ್ಲಿ 20ಕ್ಕೂ ಹೆಚ್ಚು ಮಕ್ಕಳು ಜೀವ ಕಳೆದುಕೊಂಡರು. ಅಂಕ ಕೊಡುವುದರಲ್ಲೇ ತಪ್ಪುಗಳಾಗಿದ್ದವು. ತೆಲುಗಿನಲ್ಲಿ ಸೊನ್ನೆ ಬಂದಿದ್ದ ಒಬ್ಬ ಹುಡುಗಿಗೆ ಮರುಪರಿಶೀಲನೆಯಲ್ಲಿ 99 ಬಂತು. ಒಂದು ಸಾವಿಗೆ ಒಂದೇ ಕಾರಣವೆಂದು ಯಾರೂ ಹೇಳಲಾರರು, ನಾವೂ ಹೇಳುವುದಿಲ್ಲ. ಆದರೆ ಆ ವಾರ ಎಲ್ಲೆಲ್ಲೂ ಕೇಳಿಬಂದ ಉಪದೇಶವೆಂದರೆ ಮಕ್ಕಳು ಧೈರ್ಯ ತಂದುಕೊಳ್ಳಬೇಕು ಎಂಬುದು. ತಪ್ಪು ಲೆಕ್ಕ ಮಾಡಿದವರು ದೊಡ್ಡವರು. ಧೈರ್ಯ ತರಬೇಕಾದವರು ಹದಿನೇಳರ ಮಕ್ಕಳು! ನಮ್ಮ ಮೊದಲ ಕರಡೂ ಮಗುವಿಗೇ ಬುದ್ಧಿ ಹೇಳುತ್ತಿತ್ತು. ಅದನ್ನು ಓದಬೇಕಾದವರು ಮಗುವಿನ ಜೊತೆ ಒಂದೇ ಸೂರಿನಡಿ ಮಲಗುವವರು ಎಂಬುದು ನಮಗೆ ಹೊಳೆದಿರಲಿಲ್ಲ.

ಇನ್ನು 'ಖಿನ್ನತೆ'. ನಿಘಂಟಿನಲ್ಲಿ ಒಳ್ಳೆಯ ಪದ. ಆದರೆ "ನನಗೆ ಖಿನ್ನತೆಯಾಗಿದೆ" ಎಂದವರನ್ನು ನಾವು ಈತನಕ ಕಂಡಿಲ್ಲ. ನಮ್ಮ ತುಮಕೂರು ಕಡೆಯವರು "ಯಾಕೋ ಏನೂ ಬೇಡ ಅನ್ನಿಸುತ್ತೆ" ಎನ್ನುತ್ತಾರೆ. ಸೇಡಂ ತಾಯಿ ಹೇಳಿಕೊಟ್ಟ ಮಾತು "ಜೀವ ಬ್ಯಾಸರಾಗ್ಯದ". ಅನೇಕರು ಮನಸ್ಸಿನ ಸುದ್ದಿಯನ್ನೇ ಎತ್ತದೆ ನಿದ್ದೆ ಬರಲ್ಲ, ಎದೆ ಭಾರ, ಊಟ ಸೇರಲ್ಲ ಎಂದು ಸುಮ್ಮನಾಗುತ್ತಾರೆ. ಇಲ್ಲಿ ಹುಟ್ಟಿ ಬೆಳೆದ ಮಕ್ಕಳ ಕಥೆ ಇನ್ನೊಂದು: ಗೆಳೆಯರೊಡನೆ ತೆಲುಗು, ಕಾಲೇಜಿನಲ್ಲಿ ಇಂಗ್ಲಿಷು, ಮನೆಯಲ್ಲಿ ಕನ್ನಡ. ಮನಸ್ಸಿನ ಮಾತು ಯಾವುದರಲ್ಲಿ ಎಂದು ಕೇಳಿದರೆ ಹೆತ್ತವರಿಗೂ ತಿಳಿಯದು.

ಈ ದಾರಿಯಲ್ಲಿ ಮೊದಲು ನಡೆದವರು ನಮ್ಮವರೇ. 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗಕ್ಕೆ ಕೈಹಾಕಿತು. ಮನೋರೋಗ ತಜ್ಞರು ಬರಲೆಂದು ಕಾಯದೆ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟರು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಮನೆಮನೆಗೆ ಹೋಗುವ ಕಾರ್ಯಕರ್ತೆಗೆ ಊರ ಮಾತು ಗೊತ್ತು. ಬೆಳಿಗ್ಗೆ ಯಾರ ಮನೆಯ ಬಾಗಿಲು ತೆರೆದಿಲ್ಲವೆಂಬುದೂ ಗೊತ್ತು.

ಹೇಳುವ ರೀತಿಯಿಂದಲೇ ಹಾನಿಯಾಗಬಲ್ಲದು ಎಂಬುದಕ್ಕೆ ವಿಯೆನ್ನಾ ನಗರದ ನಿದರ್ಶನವಿದೆ. ಎಂಬತ್ತರ ದಶಕದಲ್ಲಿ ಅಲ್ಲಿನ ಸುರಂಗ ರೈಲಿನಲ್ಲಾಗುತ್ತಿದ್ದ ಸಾವುಗಳನ್ನು ಪತ್ರಿಕೆಗಳು ರಂಜಿತವಾಗಿ ಬರೆಯುತ್ತಿದ್ದವು. 1987ರಲ್ಲಿ ವೈದ್ಯರು ಪತ್ರಿಕೆಗಳಿಗೆ ಕೆಲವು ಸೂತ್ರಗಳನ್ನು ಕೊಟ್ಟರು, ಬರವಣಿಗೆ ಬದಲಾಯಿತು, ಆ ವರ್ಷದ ಉತ್ತರಾರ್ಧದಿಂದ ಆ ಸಾವುಗಳು ಬಹಳವಾಗಿ ಇಳಿದವು. ನಮ್ಮ ಪ್ರೆಸ್ ಕೌನ್ಸಿಲ್ಲೂ 2019ರಲ್ಲಿ ಇಂಥ ಸೂತ್ರಗಳನ್ನು ಒಪ್ಪಿಕೊಂಡಿದೆ. ಹಾಗೆಂದು ಬಾಯಿ ಮುಚ್ಚಿಕೊಂಡಿರಬೇಕೆಂದಲ್ಲ. "ಸಾಯಬೇಕು ಅನ್ನಿಸ್ತಿದೆಯಾ?" ಎಂದು ನೇರವಾಗಿ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆಂಬ ಹೆದರಿಕೆ ಬಹಳ ಮನೆಗಳಲ್ಲಿದೆ. ಅದು ತಪ್ಪು. ಕೇಳಿದರೆ ಹೆಚ್ಚಿನವರಿಗೆ ಭಾರ ಇಳಿದಂತಾಗುತ್ತದೆ.

ಕರಪತ್ರದಿಂದ ಪ್ರಯೋಜನವಾಯಿತೆ ಎಂದು ತಿಳಿಯುವುದು ಹೇಗೆ? ಪ್ರಗತಿ ವರದಿಗಳಲ್ಲೇ ಆಯುಸ್ಸು ಸವೆಸಿದ ನಮಗೆ ಸುಲಭದ ದಾರಿ ಗೊತ್ತು: ಐನೂರು ಪ್ರತಿ ಮುದ್ರಿಸಿದೆ, ಐನೂರು ಹಂಚಿದೆ, ಗುರಿ ಸಾಧಿಸಿದೆ. ಈ ವರ್ಷ ನಮ್ಮ ಮನೆಗಳಲ್ಲಿ ಏನೂ ಆಗಲಿಲ್ಲವೆಂದು ಬೀಗುವುದೂ ಸುಳ್ಳೇ. ಇಷ್ಟು ಚಿಕ್ಕ ಸಮುದಾಯದಲ್ಲಿ ಒಂದು ವರ್ಷದ ಸಂಖ್ಯೆ ಏನನ್ನೂ ಸಾಬೀತು ಮಾಡದು; ಅಷ್ಟನ್ನು ಬಿ.ಎಸ್ಸಿ. ಕಲಿಸಿದೆ. ಆದ್ದರಿಂದ ಬೇರೆ ದಾರಿ ಹಿಡಿದೆವು. ಹೊಸ ಕರಡನ್ನು ಆರು ಮನೆಗಳಲ್ಲಿ ಓದಿ, ಅವರವರ ಮಾತಿನಲ್ಲಿ ತಿರುಗಿ ಹೇಳಲು ಕೇಳಿದೆವು. ಕಷ್ಟ ಬಂದರೆ ಮೊದಲು ಯಾರ ಬಳಿ ಹೋಗುತ್ತೀರಿ ಎಂದು ಕೇಳಿದೆವು. ಇದರಲ್ಲಿ ನಿಮ್ಮ ಮನಸ್ಸಿಗೆ ಚುಚ್ಚಿದ್ದು ಯಾವುದು ಎಂದೂ ಕೇಳಿದೆವು. ಆ ಪ್ರಶ್ನೆಗೆ ಬಂದಷ್ಟು ಉತ್ತರ ಬೇರೆ ಯಾವುದಕ್ಕೂ ಬರಲಿಲ್ಲ. "ತಂದೆತಾಯಿಯರ ತ್ಯಾಗ" ಎಂಬ ಸಾಲನ್ನು ಒಬ್ಬ ಹುಡುಗ ಬೆರಳಿಟ್ಟು ತೋರಿಸಿದ. ಪಕ್ಕದಲ್ಲಿ ಅವನಪ್ಪ ಕುಳಿತಿದ್ದರು. ಇಬ್ಬರೂ ಏನೂ ಮಾತಾಡಲಿಲ್ಲ. ಆ ಸಾಲನ್ನು ಅಲ್ಲೇ ಹೊಡೆದುಹಾಕಿದೆವು.

ಈಗ ಉಳಿದಿರುವುದು ಕೆಲವೇ ಸಾಲು. ಮನೆಯಲ್ಲಿ ಯಾರಾದರೂ ಜೀವ ಬೇಸರವಾಗಿದೆ ಎಂದರೆ, ಅಥವಾ ಊಟ, ನಿದ್ದೆ, ಮಾತು ಬಿಟ್ಟರೆ, ಹತ್ತಿರ ಕುಳಿತು ಕೇಳಿ. ಬುದ್ಧಿ ಹೇಳಬೇಡಿ. ಅಪಾಯವೆನಿಸಿದರೆ ಒಬ್ಬರನ್ನೇ ಬಿಡಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕೆಳಗೆ ಟೆಲಿ ಮಾನಸ್ ಸಂಖ್ಯೆ 14416: 2022ರ ಅಕ್ಟೋಬರ್ 10ರಂದು ಕೇಂದ್ರ ಸರಕಾರ ಆರಂಭಿಸಿದ್ದು, ಹಗಲೂ ರಾತ್ರಿಯೂ ಉಚಿತ.

ತಿದ್ದಿದ್ದನ್ನು ಮತ್ತೆ ಕಾಚಿಗುಡಕ್ಕೆ ಒಯ್ದೆವು. ತಾಯಿ ಕನ್ನಡಕ ಹುಡುಕಿ ಹಾಕಿಕೊಂಡು ತಾವೇ ಓದಿದರು. "ನಂಬರ ಮ್ಯಾಲ ಹಾಕು, ದೊಡ್ಡದು ಮಾಡಿ. ರಾತ್ರಿ ಚಸ್ಮ ಎಲ್ಲಿ ಹುಡುಕೋದು?" ಎಂದರು. ಆಮೇಲೆ ಎರಡು ಪ್ರತಿ ಹೆಚ್ಚಿಗೆ ಕೇಳಿದರು, ಊರಿಗೆ ಕಳಿಸುವುದಕ್ಕೆ.