ರಜಸ್ಸೂತಕವೂ ಲಿಂಗವಂತೆಯ ಸಂಕೋಚವೂ



ಅನುಭಾವಗೋಷ್ಠಿ ಮುಗಿದು ಗಂಡಸರೆಲ್ಲ ಎದ್ದುಹೋದ ಮೇಲೆ ತಾಯಂದಿರು ತಗ್ಗಿದ ದನಿಯಲ್ಲಿ ಕೇಳುವ ಪ್ರಶ್ನೆಯೊಂದುಂಟು: “ಮುಟ್ಟಾದ ದಿನಗಳಲ್ಲಿ ಇಷ್ಟಲಿಂಗವನ್ನು ಪೂಜಿಸಬಹುದೆ?” ಇಷ್ಟನ್ನೂ ಕೇಳಲಾರದ ಕೆಲವರು ಲಿಂಗವನ್ನು ಧರಿಸಿಯೂ ಕರಸ್ಥಲಕ್ಕೆ ತಂದುಕೊಳ್ಳದೆ ಮೂರು ದಿನ ಮೂಲೆಯಲ್ಲಿ ಕುಳಿತಿರುತ್ತಾರೆ.

ಪೂಜಿಸಬಹುದು, ಪೂಜಿಸಬೇಕು. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳು ಲಿಂಗಾಂಗಿಗೆ ಇಲ್ಲವೆಂಬುದು 12ನೆಯ ಶತಮಾನದ ಶರಣರ ನಿರ್ಣಯ. ಲಿಂಗಾರ್ಚನೆಯಲ್ಲಿ ನಿರತಳಾದ ಸ್ತ್ರೀಗೆ ಋತುಕಾಲದಲ್ಲಿ ಸೂತಕವಿಲ್ಲವೆಂದು ಸಿದ್ಧಾಂತಶಿಖಾಮಣಿಯೂ ಹೇಳುತ್ತದೆ. ಪ್ರಾಣವಿರುವ ತನಕ ಅಂಗವನ್ನು ಅಗಲಬಾರದ ಲಿಂಗವು ತಿಂಗಳಿಗೊಮ್ಮೆ ಅಂಗಕ್ಕೆ ದೂರವಾಗುವುದೆಂತು?

ರಜಸ್ಸೆಂದರೇನು? ಶಿಶುವಿಗೆ ಹಾಸಿಗೆಯಾಗಲೆಂದು ಸಿದ್ಧವಾದ ಗರ್ಭಕೋಶದ ಒಳಪದರವು, ಗರ್ಭ ನಿಲ್ಲದಿದ್ದಾಗ ಕಳಚಿ ರಕ್ತದೊಡನೆ ಹರಿಯುವುದು. ನಾವೆಲ್ಲರೂ ಆ ಹಾಸಿಗೆಯಲ್ಲಿ ಬೆಳೆದು ಬಂದವರೇ. ಅದು ಮೈಲಿಗೆಯಾದರೆ ನಮ್ಮಲ್ಲಿ ಮಡಿಯುಳ್ಳವನಾರು?

ಆ ದಿನಗಳಲ್ಲಿ ಹೆಂಗಸಿಗೆ ವಿಶ್ರಾಂತಿ ದೊರೆಯಲೆಂದೇ ಹಿರಿಯರು ಹೊರಗೆ ಕೂರಿಸಿದರೆಂದು ಕೆಲವರು ವಾದಿಸುವರು. ದಣಿದವಳಿಗೆ ವಿಶ್ರಾಂತಿ ಕೊಡೋಣ. ಆದರೆ ವಿಶ್ರಾಂತಿ ಬೇರೆ, ಬಹಿಷ್ಕಾರ ಬೇರೆ.

ಸೂತಕ ಹೋದರೆ ಸಾಲದು. ಅದರ ಬೆನ್ನಿಗೆ ಬಂದ ನಾಚಿಕೆಯೂ ಹೋಗಬೇಕು. ನಾಚಿಕೆಯಿಂದ ಬಟ್ಟೆಯನ್ನು ಕತ್ತಲೆಯಲ್ಲಿ ಒಣಗಿಸಿದರೆ ಅದು ಹಸಿಯಾಗಿಯೇ ಉಳಿದು ತುರಿಕೆಗೂ ಸೋಂಕಿಗೂ ಎಡೆಯಾಗುತ್ತದೆ. ಸಾಬೂನಿನಿಂದ ಒಗೆದು ಬಿಸಿಲಿಗೆ ಹರವಿರಿ. ಬಟ್ಟೆಯಾಗಲಿ ಪ್ಯಾಡಾಗಲಿ 4ರಿಂದ 6 ಗಂಟೆಗೊಮ್ಮೆ ಬದಲಿಸಿರಿ. ಬೆಳೆದ ಹೆಂಗಸಿಗೆ 21ರಿಂದ 35 ದಿನಗಳಿಗೊಮ್ಮೆ ಮುಟ್ಟಾಗುವುದೂ, 2ರಿಂದ 7 ದಿನ ಸ್ರಾವವಿರುವುದೂ ಸಹಜ. ದುರ್ವಾಸನೆ, ತುರಿಕೆ, ಉರಿ ಇಲ್ಲದ ಅಲ್ಪ ಬಿಳಿಸೆರಗು ರೋಗವಲ್ಲ; ಇವು ಕಂಡರೆ ಚಿಕಿತ್ಸೆ ಬೇಕು. ಗಂಟೆಗೊಂದು ಬಟ್ಟೆ ತೊಯ್ಯುವಷ್ಟು ರಕ್ತ ಹೋಗುತ್ತಿದ್ದರೆ, ಅಥವಾ ಸ್ರಾವವು 7 ದಿನ ಮೀರಿದರೆ, ವೈದ್ಯರಿಗೆ ತೋರಿಸಲೇಬೇಕು. ಹಾಗೆ ರಕ್ತ ಸೋರಿ ಬಿಳಿಚಿಕೊಂಡ ತಾಯಿಗೆ ಪೂಜೆಗೆ ಕೂರುವ ತ್ರಾಣವಾದರೂ ಎಲ್ಲಿಂದ ಬರಬೇಕು?

ಇನ್ನೊಂದು ಮಾತನ್ನು ವಯಸ್ಸಾದ ತಾಯಂದಿರು ಗಮನವಿಟ್ಟು ಕೇಳಬೇಕು. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ಅದನ್ನು ಮುಚ್ಚಿಡಬಾರದು. ಬಹಳ ಸಲ ಅದರ ಕಾರಣ ಚಿಕ್ಕದಾಗಿರುತ್ತದೆ. ಕೆಲವೊಮ್ಮೆ ಮಾತ್ರ ಗರ್ಭಕೋಶದ ಕ್ಯಾನ್ಸರಿನ ಮೊದಲ ಸೂಚನೆಯಾಗಿರುತ್ತದೆ. ಬೇಗ ತಿಳಿದರೆ ಗುಣಪಡಿಸಬಹುದಾದ ಆ ರೋಗಕ್ಕೆ, “ಸೊಸೆಗೆ ಹೇಗೆ ಹೇಳಲಿ, ಮಗನಿಗೆ ಹೇಗೆ ಹೇಳಲಿ” ಎಂಬ ಸಂಕೋಚವೇ ಪ್ರಾಣವನ್ನು ಒಪ್ಪಿಸಿಬಿಡುತ್ತದೆ. ಲಿಂಗಕ್ಕೆ ನೆಲೆಯಾದ ಅಂಗವನ್ನು ಕಾಯುವುದೂ ಶಿವಸೇವೆಯೇ.

ಗೃಹಸ್ಥರೇ, ಈ ಮಾತು ಹೆಂಗಸರಿಗಷ್ಟೇ ಎಂದು ಮುಖ ತಿರುಗಿಸಬೇಡಿರಿ. ನಿಮ್ಮ ಮನೆಯ ಮಗಳು ಮೊದಲ ಬಾರಿಗೆ ಮೈನೆರೆದ ದಿನ “ಹೊರಗೆ ಕೂಡು” ಎನ್ನದೆ, “ಸ್ನಾನಮಾಡಿ ವಿಭೂತಿ ಧರಿಸಿ ಲಿಂಗಪೂಜೆಗೆ ಬಾ, ತಾಯಿ” ಎನ್ನಿರಿ. ಶರಣಧರ್ಮವು ಆ ಮನೆಯಲ್ಲಿ ಉಳಿದಿದೆಯೋ ಇಲ್ಲವೋ ಎಂಬುದು ಅಂದು ತಿಳಿಯುತ್ತದೆ.